ಹುಲ್ಲು ಕಚ್ಚಿದವರು

ಬೆಳಿಗ್ಗೆ ಎದ್ದು ಎರಡೂ ಎಮ್ಮೆ ಹಿಂಡಿದೆ. ಕುರಿಹಟ್ಟಿಯ ಕಸ ಹೊಡೆದು ತಿಪ್ಪೆಗೆ ಹಾಕಿದೆ. ಕುಂಟುವ ಟಗರಿನ ಗೊರಸಿಗೆ ಬೇವಿನ ಎಣ್ಣೆ ಸವರಿದೆ. ಒಂದೆರಡು ಮಾರು ಹಗ್ಗ ಹೊಸೆದೆ. ಹೆಂಡತಿ ಮಾಳವ್ವ ಅಕ್ಕಲಕೋಟೆಯ ಸಂತೆಯಿಂದ ಬರುವುದರೊಳಗೆ ನೀರು ತುಂಬಿಟ್ಟೆ. ಅವಳು ಬಂದು ಕಾಲು ತೊಳೆದುಕೊಂಡ ಮೇಲೆ ಹೇಳಿದೆ — ನಿನ್ನ ತಮ್ಮ ಟ್ರಕ್ಕು ಮಗುಚಿ ಸಾಯಲಿಲ್ಲ. ಅವನು ಸತ್ತ ದಿನ, ಶರಣು ಬಂದವರನ್ನು ನಾನು ಒಂದು ಸುಳ್ಳು ಹೇಳಿ ಕೊಲ್ಲಿಸಿದೆ.

ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹೇಳುವಾಗ ಎರಡು ಕಡೆ ಮಾತು ನುಂಗಿದೆ, ಬರೆಯುವಾಗ ನುಂಗಬಾರದು. ನಂಬಲಾಗದಿದ್ದರೆ ನಂಬಬೇಡಿ. ನೀವು ನಂಬದಿದ್ದರೆ ನನ್ನ ಪಾಪವೇನೂ ಕಡಿಮೆಯಾಗುವುದಿಲ್ಲ.

ಏಳು ವರ್ಷದ ಹಿಂದಿನ ಮಾತು. ನಾನೂ ಮಾಳವ್ವನ ತಮ್ಮ ಅಮೋಗಿಯೂ ಒಂದೇ ಪಲ್ಟನಿನಲ್ಲಿದ್ದೆವು. ಗುಂಡಿನ ಅಭ್ಯಾಸಕ್ಕೆಂದು ಹನ್ನೊಂದು ಜನ ಒಂದು ಟ್ರಕ್ಕಿನಲ್ಲಿ ಸೊಲ್ಲಾಪುರದಿಂದ ಅಕ್ಕಲಕೋಟೆಯ ಕಡೆ ಹೊರಟಿದ್ದೆವು. ಟ್ರಕ್ಕು ನಡೆಸುವವನು ಅಮೋಗಿ. ನನ್ನದು ಒಂದೇ ಸಮನೆ ಗುಂಡು ಸುರಿಸುವ ಬ್ರೆನ್ ಗನ್ನು. ಮೇಲಿನವರು ಸಾತಾರದ ಕಡೆಯ ಒಬ್ಬ ಮರಾಠಿ ಸುಭೇದಾರರು. ನಾವಿಬ್ಬರು ಬಿಟ್ಟರೆ ಕನ್ನಡದವರು ಯಾರೂ ಇಲ್ಲ.

ಕುರನೂರು ಇನ್ನೂ ಮೂರು ಮೈಲಿ ಇದೆ ಅನ್ನುವಾಗ ಕೆಂಪು ಧೂಳು ಎದ್ದಿತು. ಹಿಡಿದ ಬಂದೂಕು ಕಾಣದಷ್ಟು ಧೂಳು. ಇಂಜಿನ್ನು ಕೆಮ್ಮಿ ನಿಂತಿತು. ಧೂಳು ಇಳಿದಾಗ ರಸ್ತೆ ಇರಲಿಲ್ಲ. ಪಕ್ಕದ ಬೋರಿ ಹೊಳೆ ಮಾತ್ರ ಇತ್ತು — ಅದೇ ತಿರುವು, ಅದೇ ಕರಿ ಬಂಡೆ. ಆದರೆ ದಂಡೆಯ ತುಂಬ ನಾನು ಎಂದೂ ಕಾಣದ ಅಡವಿ. ಅಡವಿಯ ಮುಂದೆ, ಈಟಿ ಹಿಡಿದ ನಾಲ್ಕೈದು ನೂರು ಜನ. ತೊಗಲಿನ ಗುರಾಣಿ, ಕುದುರೆ, ಎರಡು ಆನೆ. ಅದು ಯಾವ ಕಾಲ, ಯಾವ ಅರಸನ ದಂಡು — ನನಗೆ ಇವತ್ತಿಗೂ ತಿಳಿಯದು. ನಮ್ಮ ಕಾಲವಲ್ಲ ಎನ್ನುವುದಷ್ಟೇ ಗೊತ್ತು.

ಅಮೋಗಿ ಕಿಟಕಿಯಿಂದ ತಲೆ ಹೊರಗೆ ಹಾಕಿ ಅಂದ: “ಮಾಮಾ, ನಾಟಕದ ಮಂದಿ ಬಂದಾರ ನೋಡು. ಆನಿ ಸೈತ ತಂದಾರ. ನಿನ್ನ ಮದವ್ಯಾಗ ಒಂದು ಬಾಜಾ ಸೈತ ಇರಲಿಲ್ಲ.”

ಹಿಂದೆ ಕೂತವರು ನಕ್ಕರು. ನಾನೂ ನಕ್ಕೆ. ಅವನು ಇಂಜಿನ್ನು ತಿರುವುವ ಹ್ಯಾಂಡಲ್ ಹಿಡಿದು ಕೆಳಗಿಳಿದು, ಟ್ರಕ್ಕಿನ ಮೂತಿಗೆ ಬಗ್ಗಿ ತಿರುವತೊಡಗಿದ. ಆಗ ಕೊಂಬು ಮೊಳಗಿತು. ಅವರು ಓಡಿ ಬಂದರು. ಮುಂದೆ ಬಂದವನ ಕಿವಿಯಲ್ಲಿ ಹಿತ್ತಾಳೆಯ ಮುರುವು ಹೊಳೆಯುತ್ತಿತ್ತು — ಅವನ ಈಟಿ ಅಮೋಗಿಯ ಬೆನ್ನಿನಲ್ಲಿ ಹೊಕ್ಕು ಹೊಟ್ಟೆಯಿಂದ ಹೊರಬಂದು ರೇಡಿಯೇಟರಿಗೆ ನಾಟಿತು. ಅಮೋಗಿ ಬೀಳಲೂ ಇಲ್ಲ. ಹಾಗೇ ಜೋತುಬಿದ್ದ.

ನಾನು ಮೊದಲು ಹೊಡೆದದ್ದು ಆ ಮುರುವಿನವನನ್ನೇ. ಅವನ ಮುಖ ಇರಲಿಲ್ಲ ಆಮೇಲೆ. ಬ್ರೆನ್ ಗನ್ನು ಹೊಲ ಕೊಯ್ಯುವ ಹಾಗೆ ಎಡದಿಂದ ಬಲಕ್ಕೆ ಆಡಿಸಿದೆ. ಗುರಾಣಿಗಳು ಹಪ್ಪಳದಂತೆ ಒಡೆದವು. ಹಿಂದಿನವರಿಗೆ ಮುಂದಿನವರು ಯಾಕೆ ಬೀಳುತ್ತಾರೆಂದೇ ತಿಳಿಯಲಿಲ್ಲ. ಹೆಣ ತುಳಿದುಕೊಂಡು ಬಂದರು, ಅವರೂ ಬಿದ್ದರು. ಒಂದು ಆನೆ ಗುಂಡು ತಾಗಿ ಹಿಂದಿರುಗಿ ತನ್ನವರನ್ನೇ ಅರೆಯುತ್ತ ಹೋಯಿತು. ಆ ಸಪ್ಪಳ — ಬೇಡ, ಅದನ್ನು ಬರೆಯುವುದಿಲ್ಲ. ಕೊಳವೆ ಕಾದು ನನ್ನ ಅಂಗೈ ಸುಟ್ಟಿತು. ಇಷ್ಟು ಯುದ್ಧ. ಇದಕ್ಕೆ ನಾನು ಯಾರ ಕ್ಷಮೆಯನ್ನೂ ಕೇಳುವುದಿಲ್ಲ.

ಕೇಳಬೇಕಾದದ್ದು ಆಮೇಲಿನದು.

ಉಳಿದವರು ಓಡಿದರು. ನಲವತ್ತರಷ್ಟು ಜನ ಓಡಲಿಲ್ಲ. ಈಟಿ, ಕತ್ತಿ ಎಲ್ಲ ಎಸೆದು, ಬಗ್ಗಿ ನೆಲದಿಂದ ಏನೋ ಕಿತ್ತು ಬಾಯಿಗಿಟ್ಟುಕೊಂಡು, ಮೊಣಕಾಲೂರಿ ನಮ್ಮ ಕಡೆ ತೆವಳತೊಡಗಿದರು. ಸುಭೇದಾರರು ಕೈ ಎತ್ತಿ ನಮ್ಮನ್ನು ತಡೆದರು. ನನ್ನ ಕಡೆ ತಿರುಗಿ ಕೇಳಿದರು: “ಬೀರಪ್ಪಾ, ಹೇ ಗವತ ಕಾ ಚಾವತಾತ ರೇ?” ಇವರು ಹುಲ್ಲು ಯಾಕೆ ಕಚ್ಚಿದ್ದಾರೆ?

ನನಗೆ ಗೊತ್ತಿತ್ತು. ಅಲ್ಲಿದ್ದವರಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ನಾನು ಚಿಕ್ಕವನಿದ್ದಾಗ ನಮ್ಮ ಕುರಿ ಪಾಟೀಲರ ಜೋಳಕ್ಕೆ ಬಿದ್ದು, ನಮ್ಮಪ್ಪ ಅವರ ಅಂಗಳದಲ್ಲಿ ಹುಲ್ಲು ಕಚ್ಚಿ ನಿಂತದ್ದನ್ನು ಕಣ್ಣಾರೆ ಕಂಡವನು ನಾನು. ಹುಲ್ಲು ಕಚ್ಚಿದವನು ಮನುಷ್ಯನಲ್ಲ, ನಿನ್ನ ದನ. ದನವನ್ನು ಯಾರೂ ಕಡಿಯುವುದಿಲ್ಲ. ಪಾಟೀಲರು ಎತ್ತಿದ ಬಾರುಕೋಲನ್ನು ಇಳಿಸಿದ್ದರು.

ನಾನು ಅಮೋಗಿಯನ್ನು ನೋಡಿದೆ. ಅವನ ಬೂಟಿನ ತುದಿಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಆಮೇಲೆ ಹೇಳಿದೆ —

“ಶಪಥ ಆಹೆ, ಸಾಹೇಬ. ಮರೇಪರ್ಯಂತ ಸೋಡಣಾರ ನಾಹೀತ.”

ಇದು ಆಣೆ, ಸಾಯುವ ತನಕ ನಮ್ಮನ್ನು ಬಿಡುವುದಿಲ್ಲವಂತೆ ಎಂದೆ. ಹತ್ತಿರ ಬಂದು ಮೇಲೆ ಬೀಳುತ್ತಾರೆ ಎಂದೂ ಸೇರಿಸಿದೆ — ಕೇಳದಿದ್ದರೂ.

ಸುಭೇದಾರರು ಕೈ ಇಳಿಸಿದರು.

ಮೊಣಕಾಲ ಮೇಲಿದ್ದವರನ್ನು ಹೊಡೆಯುವುದಕ್ಕೆ ಬಹಳ ಹೊತ್ತು ಬೇಕಾಗುವುದಿಲ್ಲ. ಯಾರೂ ಏಳಲಿಲ್ಲ, ಯಾರೂ ಓಡಲಿಲ್ಲ. ಕಚ್ಚಿದ ಹುಲ್ಲನ್ನು ಇನ್ನೂ ಮೇಲೆತ್ತಿ ತೋರಿಸಿದರು, ನಮಗೆ ಕಾಣಲಿಲ್ಲವೇನೋ ಎನ್ನುವಂತೆ. ಎಲ್ಲ ಮುಗಿದ ಮೇಲೆ ನಾನು ನಡುವೆ ನಡೆದುಹೋದೆ. ನಮ್ಮ ಕಂಬಳಿಯಂಥದೇ ಕಂಬಳಿ ಹೊದ್ದ ಒಬ್ಬ ಮುದುಕ ಇನ್ನೂ ಉಸಿರಾಡುತ್ತಿದ್ದ. ಕೆನ್ನೆ ಹರಿದುಹೋಗಿತ್ತು ಅರ್ಧ. ಬಾಯಲ್ಲಿದ್ದದ್ದನ್ನು ರಕ್ತದ ಜೊತೆ ಉಗುಳಿ ನನ್ನನ್ನೇ ಕೇಳಿದ: “ಪುಲ್ಲಂ ಕರ್ಚಿದೆವಲ್ತೆ?”

ಹುಲ್ಲು ಕಚ್ಚಿದೆವಲ್ಲವೆ. ನಮ್ಮ ಹುಲ್ಲು ಅವನ ಬಾಯಲ್ಲಿ ಪುಲ್ಲು, ನಮ್ಮ ಕಚ್ಚು ಕರ್ಚು. ಅಷ್ಟೇ ವ್ಯತ್ಯಾಸ. ಅವನು ನಮ್ಮವನೇ — ಯಾರಿಗೆ ಗೊತ್ತು, ನನ್ನಪ್ಪನ ಅಪ್ಪನ ಅಪ್ಪ, ಇನ್ನೂ ಅದರಾಚೆ...

ಮತ್ತೆ ಧೂಳು ಎದ್ದಿತು. ಇಳಿದಾಗ ರಸ್ತೆ ಇತ್ತು; ಅಡವಿ, ಹೆಣ, ಮುದುಕ ಯಾವುದೂ ಇರಲಿಲ್ಲ. ಅಮೋಗಿಯ ಮೈಯಲ್ಲಿ ಉಳಿದಿದ್ದ ಈಟಿ ಕಿತ್ತು ಹೊಳೆಗೆ ಎಸೆದೆವು. ಹೇಳಿದರೆ ಹುಚ್ಚರೆನ್ನುತ್ತಾರೆಂದು ಟ್ರಕ್ಕನ್ನು ನಾವೇ ನೂಕಿ ಮಗುಚಿದೆವು. ಹತ್ತು ಜನರ ಬಾಯಲ್ಲೂ ಒಂದೇ ಮಾತು. ಅಂದಿನಿಂದ ಮಾಳವ್ವ ಯಾವ ಗಾಡಿಯನ್ನೂ ಹತ್ತಿಲ್ಲ. ಅಕ್ಕಲಕೋಟೆಗೆ ನಡೆದೇ ಹೋಗುತ್ತಾಳೆ, ತಲೆಯ ಮೇಲೆ ಬುಟ್ಟಿ ಹೊತ್ತು. ಆ ಬುಟ್ಟಿ ಎತ್ತಿ ಇಡುವವನು ನಾನೇ.

ಸುಭೇದಾರರು ಈಗ ಸೊಲ್ಲಾಪುರದಲ್ಲೇ ಮನೆ ಮಾಡಿದ್ದಾರೆ. ಕಂಡಾಗಲೆಲ್ಲ ಚಹಾ ಕುಡಿಸಿ, ದನಿ ತಗ್ಗಿಸಿ, “ಶಪಥಚ ಹೋತೀ ನಾ ರೇ?” ಎನ್ನುತ್ತಾರೆ. ಆಣೆಯೇ ತಾನೆ ಅದು? ನಾನು ಹೌದೆಂದು ತಲೆಯಾಡಿಸಿ ಚಹಾ ಕುಡಿದು ಬರುತ್ತೇನೆ.

ಇಷ್ಟನ್ನೂ ಮಾಳವ್ವ ಹೊಸ್ತಿಲಲ್ಲಿ ಕೂತು ಕೇಳಿದಳು. ಅಳಲಿಲ್ಲ. ನನ್ನ ಮುಖ ನೋಡಿ ಕೇಳಿದಳು: “ನನ್ನ ತಮ್ಮಗ ಈಟಿ ಹೊಡದಾಂವ ಆ ಹುಲ್ಲ ಕಚ್ಚಿದವ್ರಾಗ ಇದ್ದನೇನ್ರಿ?”

ಇಲ್ಲ ಎಂದೆ. ಅವನನ್ನು ಮೊದಲೇ ಕೊಂದಿದ್ದೆ.

“ಹಂಗಾರ ಇವರ್ನ್ಯಾಕ?”

ಅಮೋಗಿಯ ಸಲುವಾಗಿ ಎಂದೆ.

“ನನ್ನ ತಮ್ಮನ ಹೆಸರ ಇದರಾಗ ತರಬ್ಯಾಡ್ರಿ,” ಅಂದಳು. “ಅಂವಾ ಕೊಲ್ಲಂತ ಹೇಳಿರಲಿಲ್ಲ ನಿಮಗ. ಆ ಸುಭೇದಾರರಿಗೆ ಹೇಳಿ ಬರ್ರಿ ಮೊದಲ. ನಿಮ್ಮ ಸುಳ್ಳ ಹೊತಗೊಂಡು ಅವರ್ಯಾಕ ಸಾಯಬೇಕು.”

ನಾಳೆ ಮೊದಲ ಮೋಟಾರಿಗೆ ಸೊಲ್ಲಾಪುರಕ್ಕೆ ಹೋಗುತ್ತೇನೆ. ಚಹಾ ಬರುವ ಮೊದಲೇ ಹೇಳಬೇಕು.

ಸಂಜೆ ಜೋಳದ ರೊಟ್ಟಿ, ಝುಣಕ, ಹಸಿ ಉಳ್ಳಾಗಡ್ಡಿ. ನನಗೆ ಬಡಿಸಿ ಅವಳು ತನ್ನ ತಾಟು ಹಿಡಿದುಕೊಂಡು ಹಿತ್ತಲಿಗೆ ಹೋದಳು. ನಾನು ಒಂದೂವರೆ ರೊಟ್ಟಿ ಉಂಡೆ. ಮೊದಲು ಮಲಗಿದವಳು ಅವಳು, ಗೋಡೆಯ ಕಡೆ ಮುಖ ಮಾಡಿ.