ಬಾಯಾರಿಗೆ ಏನು ಒಯ್ಯುವುದು

ಮಗಳ ಶಾಲೆಯ ಬಾಯಾರಿಗೆ ಹಬ್ಬಕ್ಕೆ ಏನು ಒಯ್ಯಬೇಕು ಎಂಬ ಒಂದೇ ಪ್ರಶ್ನೆ ಆ ಡಿಸೆಂಬರ್ ಪೂರ್ತಿ ನನ್ನ ತಲೆ ತಿಂದಿತು. ಬಾಯಾರು ಅಂದರೆ ನಮ್ಮ ಕಡೆ ಶಾಲೆ ಕಲಿಸುವ ಹೆಂಗಸು. ಹಬ್ಬ ಅಂದರೆ ಕ್ರಿಸ್ಮಸ್. ವಿಜಾಪುರದಲ್ಲಿ ಆಗ ಎಲ್ಲರ ಬಾಯಲ್ಲೂ ಅದು ನಾತಾಳ. ನನಗೋ ಕೂತಲ್ಲಿ ಕೂರುವ ಸ್ವಭಾವವೇ ಇಲ್ಲ. ರೊಟ್ಟಿ ಬಡಿಯುವಾಗ ಅದೇ ಯೋಚನೆ, ರೊಟ್ಟಿ ಹೊತ್ತಿಸಿ ಅತ್ತೆಯಿಂದ ಬೈಸಿಕೊಂಡ ಮೇಲೂ ಅದೇ ಯೋಚನೆ.

ಬರೀ ಉಡುಗೊರೆಯ ಮಾತಾಗಿದ್ದರೆ ಇಷ್ಟು ಚಡಪಡಿಸುತ್ತಿರಲಿಲ್ಲ. ದಸರೆ ಮುಗಿದ ಮೇಲೆ ಮಗಳಿಗೆ ಚಳಿಜ್ವರ ಬಂದಿತ್ತು. ಬಾಯಾರು ಶಾಲೆ ಬಿಟ್ಟವರೇ ಎರಡು ಮೋಸಂಬಿ ಹಿಡಿದುಕೊಂಡು ನೋಡಲು ಬಂದರು. ನಾನು ಔಷಧಿ ತರಲು ಹೋಗಿದ್ದೆ. ಅತ್ತೆ ಅವರನ್ನು ಹೊರಗಿನ ಕಟ್ಟೆಯ ಮೇಲೆಯೇ ಕೂರಿಸಿದರು. ನೀರು ಕೇಳಿದರೆ ಬೊಗಸೆಗೆ ಮೇಲಿನಿಂದ ಸುರಿದರು. ಅವರು ಓಣಿ ದಾಟಿದ್ದೇ ತಡ, ಒಂದು ಕೊಡ ನೀರು ತಂದು ಕಟ್ಟೆ ತೊಳೆದರು. ಕ್ರೈಸ್ತರು ಕೂತ ಜಾಗವಲ್ಲವೇ! ನಮ್ಮ ಮನೆ ಲಿಂಗವಂತರದು; ಬಾಯಿ ತೆರೆದರೆ ಶರಣರ ಮಾತು, ಕೈಯಲ್ಲಿ ಮಾತ್ರ ಮೈಲಿಗೆ ತೊಳೆಯುವ ಕೊಡ.

ಇದನ್ನೆಲ್ಲ ಕಂಬಳಿ ಹೊದ್ದು ಬಾಗಿಲಲ್ಲಿ ನಿಂತಿದ್ದ ಮಗಳು ನೋಡಿದಳು. ಜ್ವರ ಬಿಟ್ಟು ಶಾಲೆಗೆ ಹೋದವಳು ನೇರವಾಗಿ ಬಾಯಾರನ್ನೇ ಕೇಳಿದಳಂತೆ, "ನೀವು ಹೋದ ಮ್ಯಾಲೆ ನಮ್ಮ ಆಯಿ ಕಟ್ಟಿ ಯಾಕ ತೊಳದ್ಳು ಬಾಯಾರ?" ಅಂತ.

"ಅವರು ಏನಂದ್ರವ್ವಾ?" ಎಂದು ನಾನು ಗಾಬರಿಯಿಂದ ಕೇಳಿದೆ.

"ನಕ್ಕರು. ಆಮ್ಯಾಲೆ ನನ್ನ ಪಾಟಿ ಇಸ್ಕೊಂಡು ಒರಸಿದ್ರು."

ಅಂದಿನಿಂದ ಬಾಯಾರು ನಮ್ಮ ಓಣಿಯಲ್ಲಿ ಕಾಲಿಡಲಿಲ್ಲ. ಶಾಲೆಗೆ ಅದೇ ಹತ್ತಿರದ ದಾರಿ. ಆದರೂ ಸುತ್ತುಹಾಕಿ ಹೋಗುತ್ತಿದ್ದರು. ಮಗಳು ಸಂಜೆಯಾದರೆ ಕಟ್ಟೆಯ ಮೇಲೆ ನಿಂತು ಓಣಿಯ ತುದಿ ನೋಡುತ್ತಿದ್ದಳು. ಮೊದಲು ಶಾಲೆಯಲ್ಲಿ ಬಾಯೇ ಬಿಡದಿದ್ದ ಹುಡುಗಿ ಅದು. ಈ ಬಾಯಾರ ಕೈಗೆ ಬಿದ್ದ ಮೇಲೆ ನಮ್ಮ ಎಮ್ಮೆಗೂ ಕಾಗುಣಿತ ಹೇಳಿಕೊಡುವಷ್ಟು ಮಾತುಗಾತಿಯಾಗಿದ್ದಳು. "ಬಾಯಾರು ನಮ್ಮ ಮನಿಗೆ ಯಾವಾಗ ಬರ್ತಾರಬೇ?" ಎಂದು ಅವಳು ಕೇಳಿದಾಗೆಲ್ಲ ನಾನು ಪೊರಕೆ ಹಿಡಿದು ಗುಡಿಸಿದ ನೆಲವನ್ನೇ ಮತ್ತೆ ಗುಡಿಸುತ್ತಿದ್ದೆ. ಅವರು ಮತ್ತೊಮ್ಮೆ ನಮ್ಮ ಮನೆಗೆ ಬರಬೇಕು. ನನಗೆ ಬೇಕಾದದ್ದು ಅಷ್ಟೇ. ನಾತಾಳದ ನೆವ ಸಿಕ್ಕಿತ್ತು, ಆದರೆ ಏನನ್ನು ಹಿಡಿದುಕೊಂಡು ಹೋಗಿ ಆ ಮಾತು ಎತ್ತುವುದು?

ಮೊದಲು ಬಜಾರಕ್ಕೆ ಹೋದೆ. ಯುದ್ಧದ ಕಾಲ, ಅರಿವೆಗೂ ಬರ. ಅಂಗಡಿಯವನು ಗುರುತಿನವನಾದ್ದರಿಂದ ಒಳಗಿನಿಂದ ಕುಪ್ಪಸದ ಒಂದು ಖಣ ತೆಗೆದ, ಕೆಂಪು ಅಂಚಿನದು. ಕೈಯಲ್ಲಿ ಹಿಡಿದ ಮೇಲೆ ತಲೆಗೆ ಬಂತು: ಬಾಯಾರು ಉಡುವುದು ಬಿಳಿ ಸೀರೆ, ತೊಡುವುದು ಉದ್ದ ತೋಳಿನ ಬಿಳಿ ಪೋಲಕ. ಖಣ ಕೊಟ್ಟರೆ ಕುಂಕುಮ ಹಚ್ಚಬೇಕು, ಉಡಿ ತುಂಬಬೇಕು. ಅವರು ಹಣೆಗೆ ಕುಂಕುಮ ಇಡುವವರಲ್ಲ. ಖಣ ತಿರುಗಿ ಕೊಟ್ಟೆ.

"ಹಿಂಗ್ಯಾಕ ಅಕ್ಕಾರ, ಬಣ್ಣ ಹಿಡಿಸ್ಲಿಲ್ಲೇನು?" ಎಂದ ಅಂಗಡಿಯವ.

"ಬಣ್ಣ ಛಲೋ ಐತೋ ಯಪ್ಪಾ, ನನ್ನ ತಲೀನ ನೆಟ್ಟಗಿಲ್ಲ," ಅಂದು ಹೊರಬಿದ್ದೆ.

ನನ್ನ ಗಂಡನದು ಕಾಳಿನ ವ್ಯಾಪಾರ. ಅವರನ್ನು ಕೇಳಿದರೆ, "ಒಂದ್ ಚೀಲ ಜ್ವಾಳ ಕಳಸಿದ್ರಾತು," ಅಂದರು. ನನಗೆ ಮೈ ಉರಿಯಿತು. ಸುಗ್ಗಿಯಲ್ಲಿ ಬಡಿಗ, ಕಮ್ಮಾರರು ಬಂದು ಕಾಳು ಒಯ್ಯುತ್ತಾರಲ್ಲ, ಹಾಗೆ ಕೊಡುವುದೇ? "ಅವ್ರೇನು ನಿಮ್ಮ ಹೊಲದ ಆಯಗಾರ್ರೇನ್ರಿ?" ಅಂದೆ. ಅವರು ರುಮಾಲು ಸುತ್ತಿಕೊಂಡು ಅಂಗಡಿಗೆ ನಡೆದರು. ಕಟ್ಟೆ ತೊಳೆದ ದಿನವೂ ಅಷ್ಟೇ, ಅವ್ವನ ಕಡೆಯೂ ಇಲ್ಲ ಹೆಂಡತಿಯ ಕಡೆಯೂ ಇಲ್ಲ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವರನ್ನು ಮೀರಿಸಿದವರಿಲ್ಲ.

ತಡೆಯಲಾರದೆ ತಿಕೋಟಕ್ಕೆ, ತವರಿಗೆ ಹೊರಟೆ. ಪೆಟ್ರೋಲು ಸಿಗದೆ ಬಸ್ಸು ಇದ್ದಿಲಿನ ಮೇಲೆ ಓಡುತ್ತಿದ್ದ ದಿನಗಳವು. ನಡುದಾರಿಯಲ್ಲಿ ನಿಂತರೆ ಡ್ರೈವರ್ ಇಳಿದು ಬೆಂಕಿ ಕೆದಕಬೇಕು, ನಾವು ಹೊಗೆ ಕುಡಿಯುತ್ತಾ ಕೂತಿರಬೇಕು. ನಾನು ಕೂರಲಿಲ್ಲ, ಇಳಿದು ರಸ್ತೆಯ ಮೇಲೆ ಆ ಕಡೆ ಈ ಕಡೆ ತಿರುಗಾಡಿದೆ. "ಹತ್ತ್ರಿ ಅಕ್ಕಾರ, ನೀವು ಅಡ್ಡಾಡಿದ್ರ ಬಸ್ಸು ಹೋಗಂಗಿಲ್ಲ," ಎಂದು ಡ್ರೈವರ್ ಗೇಲಿ ಮಾಡಿದ.

ಅವ್ವ ನನ್ನ ಮಾತು ಪೂರ್ತಿ ಕೇಳುವ ಮೊದಲೇ ಶೇಂಗಾ ಹುರಿಯಲು ಇಟ್ಟಿದ್ದಳು. "ಅರಿವಿ ಅಂಚಡಿ ಎಲ್ಲಾ ಬ್ಯಾಡ. ಕೈಲೆ ಮಾಡಿದ್ದ ಒಯ್ಯಿ. ಹ್ವಾದ ಮನಸ್ಸು ತಿರಗೂದು ಉಣ್ಣೂದರಾಗ," ಅಂದಳು. ಶೇಂಗಾ ಹೋಳಿಗೆ ಮಾಡಿ, ಹಿತ್ತಾಳೆಯ ಡಬ್ಬಿಯಲ್ಲಿ ಒಂದರ ಮೇಲೊಂದು ಜೋಡಿಸಿ, ಮೇಲೆ ಬಟ್ಟೆ ಮುಚ್ಚಿ ಕೊಟ್ಟಳು. ಎಷ್ಟೋ ದಿನಗಳ ಮೇಲೆ ನನ್ನ ಎದೆ ಹಗುರವಾಯಿತು. ದಾರಿಯುದ್ದಕ್ಕೂ ಡಬ್ಬಿಯನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ಮನೆಗೆ ಬಂದು ಡಬ್ಬಿ ಇಟ್ಟಿದ್ದೇ ತಡ, ಅತ್ತೆ ಶುರು ಮಾಡಿದರು.

"ಡಬ್ಬಿ ಒಯ್ತಿ, ಖರೆ. ಅಕಿ ಅದನ್ನ ಖಾಲಿ ತಿರಗಿ ಕೊಡ್ತಾಳೇನಬೇ? ಏನರ ಹಾಕೇ ಕೊಡ್ತಾಳ. ಅದನ್ನ ಮನಿಯಾಗ ಯಾರ್ ತಿನ್ನಾವ್ರು?"

ಮಾತು ಸುಳ್ಳಲ್ಲ. ನಮ್ಮ ಕಡೆ ಯಾರ ಮನೆಯ ಪಾತ್ರೆಯನ್ನೂ ಬರಿದಾಗಿ ತಿರುಗಿಸುವುದಿಲ್ಲ. ತಾವು ಮಾಡಿದ್ದನ್ನೇನಾದರೂ ಹಾಕುತ್ತಾರೆ, ಏನೂ ಇಲ್ಲದಿದ್ದರೆ ಒಂದು ಚೂರು ಬೆಲ್ಲ. ಅತ್ತೆ ಅದಕ್ಕೂ ಉಪಾಯ ಹುಡುಕಿದ್ದರು. ಬಬಲೇಶ್ವರದಲ್ಲಿ ಅವರ ತವರಿನ ಹೊಲವಿತ್ತು. ಅಲ್ಲಿಂದ ಎಳೆಯ ಜೋಳದ ತೆನೆ, ಹಸಿ ಕಡಲೆಯ ಗಿಡ ತರಿಸಿ, ತಾವೇ ಕೂತು ಚೆಂದದ ಹೊರೆ ಕಟ್ಟಿದರು. "ಇದನ್ನ ಒಯ್ಯಿ. ಸೀತನಿ ತೆನಿ ಸುಟ್ಟು ತಿನ್ಲಿ. ಕೊಟ್ಟ ಬಾ, ಪಾತ್ರಿ ಗೀತ್ರಿ ಏನೂ ಬ್ಯಾಡ," ಅಂದರು. ಅವರು ಜಿಪುಣಿಯಲ್ಲ, ಕೆಟ್ಟವರೂ ಅಲ್ಲ. ಒಳ್ಳೊಳ್ಳೆಯ ತೆನೆಗಳನ್ನೇ ಆರಿಸಿದ್ದರು. ಅದು ಇನ್ನೂ ಕಷ್ಟ. ಪಾತ್ರೆ ಬೇಡದ ಉಡುಗೊರೆ ಯಾಕೆ ಬಂತು ಅನ್ನುವುದು ಬಾಯಾರಿಗೆ ತಿಳಿಯದೇ ಇರುತ್ತದೆಯೇ?

ಎರಡು ದಿನ ನಾನು ಅಡಿಗೆಮನೆಗೂ ಪಡಸಾಲೆಗೂ ನಡುವೆ ನೆಲ ಸವೆಸಿದೆ. ಒಮ್ಮೆ ಹೊರೆ ಎತ್ತುವುದು, ಒಮ್ಮೆ ಡಬ್ಬಿ ಎತ್ತುವುದು. ನಾತಾಳದ ದಿನ ಮಗಳು ಜಡೆ ಹಾಕಿಸಿಕೊಂಡು ಬಾಗಿಲಲ್ಲಿ ನಿಂತು ಕೂಗಿದಳು. ಆಗ ಹೊರೆಯನ್ನು ಅಲ್ಲೇ ಬಿಟ್ಟು ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡು ಹೊರಟುಬಿಟ್ಟೆ. ಆದದ್ದಾಗಲಿ ಅನ್ನಿಸಿತ್ತು.

ಬಾಯಾರ ಮನೆ ಒಂದೇ ಕೋಣೆಯದು, ಮುಂದೆ ಚಿಕ್ಕ ಅಂಗಳ. ನಮ್ಮನ್ನು ಕಂಡು ಅವರ ಮುಖ ಅರಳಿತು. ಒಳಗೆ ಚಾಪೆ ಹಾಸಿ ಕೂರಿಸಿದರು. ಅವ್ವ ಮಾಡಿದ್ದೆಂದು ಹೇಳಿ ಡಬ್ಬಿ ಕೊಟ್ಟೆ. ಅವರು ಮುಚ್ಚಳ ತೆಗೆದು, ಅಲ್ಲೇ ಒಂದು ಹೋಳಿಗೆ ಮುರಿದು ಬಾಯಿಗೆ ಹಾಕಿಕೊಂಡು, "ನಿಮ್ಮ ತಾಯಾರ ಕೈ ಛಲೋ ಐತ್ರಿ," ಅಂದರು. ನನಗೆ ಹೋದ ಜೀವ ಬಂದಂತಾಯಿತು.

ಆಮೇಲೆ ಅಂಗಳಕ್ಕೆ ಹೋಗಿ ಡಬ್ಬಿ ತೊಳೆದು, ಒರೆಸಿ, ತುಂಬಿ ತಂದಿಟ್ಟರು. ಮುಚ್ಚಳ ತೆಗೆದರೆ ಗೋದಿ. "ಹಸೀ ಕಾಳ್ರಿ. ಇದಾದ್ರ ನಿಮ್ಮ ಮನಿಯಾಗ ನಡೀತೈತಿ," ಅಂದರು. ದನಿಯಲ್ಲಿ ಕೊಂಕಿರಲಿಲ್ಲ. ನಮ್ಮ ಮಡಿಯನ್ನು ಅವರೇ ಕಾಯುತ್ತಿದ್ದರು! ಒಲೆಯ ಪಕ್ಕದಲ್ಲಿ ಕರ್ಚಿಕಾಯಿ ತುಂಬಿದ ತಾಟಿನ ಮೇಲೆ ಬಟ್ಟೆ ಅರ್ಧ ಮುಚ್ಚಿತ್ತು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

"ಹಬ್ಬದ ದಿನ ಮನಿಗೆ ಬಂದಾರಿಗೆ ಹಸೀ ಕಾಳು ತಿನಸ್ತೀರೇನ್ರಿ ಬಾಯಾರ? ಆ ತಾಟು ಇತ್ತ ತರ್ರಿ," ಅಂದೆ.

ಅವರು ಕೂತಲ್ಲಿಂದ ಏಳಲಿಲ್ಲ. ನಾನೇ ಎದ್ದು ಹೋಗಿ ತಾಟು ತಂದು ನಡುವೆ ಇಟ್ಟುಕೊಂಡು ತಿಂದೆ. ಮಗಳು ಎರಡೂ ಕೈಯಲ್ಲಿ ತಿಂದಳು. ಬಾಯಲ್ಲಿ ಕರ್ಚಿಕಾಯಿ ಇದ್ದಾಗಲೇ ಕೇಳಿಬಿಟ್ಟೆ, "ನಮ್ಮ ಮನಿಗೆ ಬರ್ರಿ. ನನ್ನ ಮಗಳು ದಿನಾ ದಾರಿ ಕಾಯ್ತಾಳ."

ಬಾಯಾರು ಮಗಳನ್ನು ನೀರು ತರಲು ಅಂಗಳಕ್ಕೆ ಕಳಿಸಿದರು. ಆಮೇಲೆ ಮೆಲ್ಲಗೆ ಹೇಳಿದರು, "ನಾ ಬರೂದು ದೊಡ್ಡ ಮಾತಲ್ಲರಿ. ನಾ ಎದ್ದು ಹೋದ ಮ್ಯಾಲೆ ತೊಳಿತಾರಲ್ಲ, ಅದನ್ನ ಕೂಸು ಮತ್ತೊಮ್ಮೆ ನೋಡಬಾರದು. ನಿಮ್ಮ ಅತ್ತಿಯವ್ರು ಬಾಯಿ ತುಂಬ ಕರೀಲಿ, ಅವತ್ತೇ ಬರ್ತೇನಿ."

ಮನೆ ಮುಟ್ಟುವವರೆಗೆ ನಾನು ನಡೆಯಲಿಲ್ಲ, ಓಡಿದೆ. ಅತ್ತೆ ಕಟ್ಟೆಯ ಹತ್ತಿರವೇ ನೀರು ತುಂಬುತ್ತಿದ್ದರು. "ಡಬ್ಯಾಗ ಏನ್ ಹಾಕ್ಯಾಳ?" ಎಂದು ಕೇಳಿದರು.

"ಗೋದಿ ರೀ. ನಿಮಗ ನಡೀತೈತಿ ಅಂತ. ಆದ್ರ ನಾ ಅಲ್ಲೇ ಕುಂತು ಅವರ ಮನಿ ಕರ್ಚಿಕಾಯಿ ತಿಂದು ಬಂದೇನಿ." ಹೋಗಿ ಕಟ್ಟೆಯ ಮೇಲೆ ಕೂತೆ. "ಕಟ್ಟಿ ತೊಳದ್ರಲ್ಲರಿ, ಈಗ ನನ್ನೂ ತೊಳೀರಿ."

ಮಗಳು ಬಂದು ನನ್ನ ಪಕ್ಕದಲ್ಲಿ ಕೂತು ತಲೆ ಬಾಗಿಸಿದಳು. "ನಾ ನಿನಗಿಂತ ಭಾಳ ತಿಂದೇನಬೇ. ಆಯಿ, ನನಗ ಮೊದಲ ಹಾಕು."

ಅತ್ತೆಯ ಕೈಯಲ್ಲಿ ಕೊಡ ಹಾಗೇ ನಿಂತಿತು. ನನ್ನನ್ನು ನೋಡಿದರು, ಮಗುವಿನ ಬಾಗಿದ ಕತ್ತನ್ನು ನೋಡಿದರು. "ಜ್ವರದಾಗಿಂದ ಎದ್ದ ಕೂಸದು, ತಣ್ಣೀರಾಗ ಕುಂದರಸ್ತಿ ಏನ ಹುಚ್ಚಿ!" ಎಂದು ಕೊಡ ಕೆಳಗಿಟ್ಟು, ಅವಳನ್ನು ಎತ್ತಿಕೊಂಡು ಒಳಗೆ ಹೋದರು.

ಅಂದಿನಿಂದ ಯಾರು ಬಂದು ಹೋದರೂ ಅವರು ಕಟ್ಟೆ ತೊಳೆಯಲಿಲ್ಲ. ಬಾಯಾರನ್ನು ಕರೆಯಲೂ ಇಲ್ಲ. ನಾನು ಕೇಳಿದಾಗೆಲ್ಲ, "ಕರೀತೇನಿ ತಡಿ, ಸಂಕ್ರಮಣ ಆಗ್ಲಿ," ಅನ್ನುತ್ತಿದ್ದರು. ಸಂಕ್ರಮಣ ಆಯಿತು. "ಯುಗಾದಿ ಆಗ್ಲಿ," ಅಂದರು. ಬೇಸಿಗೆಯ ಸೂಟಿ ಮುಗಿದು ಮಗಳು ಶಾಲೆಗೆ ಹೋದ ದಿನ ಬೇರೆ ಬಾಯಾರು ಬಂದಿದ್ದರು. ನಮ್ಮ ಬಾಯಾರಿಗೆ ಸೊಲ್ಲಾಪುರದ ಕಡೆ ವರ್ಗವಾಗಿತ್ತು. ಮಗಳು ಪಾಟಿಚೀಲ ಎಸೆದು, ಅತ್ತೆಯ ಮುಂದೆ ನಿಂತು ಬಿಕ್ಕಿ ಬಿಕ್ಕಿ ಅತ್ತಳು. ಅತ್ತೆ ಅವಳನ್ನು ಸಮಾಧಾನ ಮಾಡಲಿಲ್ಲ. ನನ್ನ ಕಡೆ ತಿರುಗಿದರು, ಕಣ್ಣು ಕೆಂಪಾಗಿತ್ತು.

"ನನ್ನ ರಟ್ಟಿ ಹಿಡದು ಬಾಯಾರ ಮನಿಗೆ ಎಳಕೊಂಡು ಯಾಕ ಹೋಗ್ಲಿಲ್ಲಬೇ ನೀ?" ಅಂದರು.