ಗಿಟಾರಿನ ಕರಕರ

ನನ್ನ ಎಲೆಕ್ಟ್ರಿಕ್ ಗಿಟಾರಿಗೆ ಕೆಮ್ಮು ಹತ್ತಿತ್ತು. ವಾಲ್ಯೂಮ್ ಗುಂಡಿ ಮುಟ್ಟಿದರೆ ಸಾಕು, ಸ್ಪೀಕರಿನಲ್ಲಿ ಕರಕರ. ಮನೆಯಲ್ಲಾದರೆ ಚಿಂತೆಯಿಲ್ಲ, ಆ ಸದ್ದಿಗೂ ನನ್ನ ವಾದನಕ್ಕೂ ಹೆಂಡತಿಗೆ ಎಂದೂ ವ್ಯತ್ಯಾಸ ಕಂಡಿಲ್ಲ. ತೊಂದರೆಯಿದ್ದದ್ದು ಸೋಮವಾರದ ಭಜನೆಯಲ್ಲಿ.

ಮಸ್ಕಿಯ ನಮ್ಮ ಓಣಿಯ ಭಜನೆಯಲ್ಲಿ ಹಾರ್ಮೋನಿಯಂ, ತಬಲಾ, ತಾಳಗಳ ನಡುವೆ ನನಗೊಂದು ಮೂಲೆ ಕೊಟ್ಟವರು ಹಿರಿಯ ಹಾಡುಗಾರ ಅಮರಪ್ಪ ಕಾಕಾ. ಆ ಮೂಲೆಯೆಂದರೆ ನನಗೆ ಪ್ರಾಣ. ವಾರವಿಡೀ ಹೈಸ್ಕೂಲಿನಲ್ಲಿ ಗಣಿತ ಹೇಳುವವನಿಗೆ ತಲೆದೂಗುವ ಜನ ಸಿಗುವುದು ಅಲ್ಲಿ ಮಾತ್ರ. ಹಾಡುವವರು ದನಿ ಏರಿಸಿದಾಗ ವಾದ್ಯದವರು ತಗ್ಗಬೇಕೆಂಬುದು ಅಲ್ಲಿನ ಕಟ್ಟಳೆ. ಹಾಗಾಗಿ ಕಾಕಾ ದನಿ ಏರಿಸಿದಾಗಲೆಲ್ಲ ನಾನು ಗುಂಡಿ ತಿರುವಬೇಕು, ಆಗಲೇ ಕರಕರ, ಆಗಲೇ ಎಲ್ಲರ ಕಣ್ಣು ನನ್ನ ಮೇಲೆ.

"ಮಾಸ್ತರ, ಆ ಕರಕರ ತಗಸ್ಕೊಂಡು ಬಾರಪಾ. ಇಲ್ಲಾಂದ್ರ ಅದನ್ನ ಮನ್ಯಾಗ ಇಟ್ಟು, ನೀ ಸುಮ್ನ ತಾಳ ಹಿಡಿ" ಎಂದರು ಕಾಕಾ.

ಗುಂಡಿಯ ಕೆಳಗೆ ಸದ್ದನ್ನು ಏರಿಳಿಸುವ ಕಂಟ್ರೋಲ್ ಎಂಬ ಬಿಡಿಭಾಗ ಸವೆದಿತ್ತು. ಲಿಂಗಸುಗೂರಿನ ರೇಡಿಯೋ ರಿಪೇರಿ ಅಂಗಡಿಯವನು ಹೊಸದೊಂದನ್ನು ಕೊಟ್ಟು, "ಹಾಕ್ರಿ ಸರ್, ಎಲ್ಲಾದಕ್ಕೂ ನಡೀತದ" ಎಂದ. ನಡೆಯಲಿಲ್ಲ, ಓಡಿತು. ಕೊಂಚ ತಿರುವಿದರೆ ಅಬ್ಬರ, ಆಮೇಲೆ ಎಷ್ಟು ತಿರುವಿದರೂ ಅಷ್ಟೇ. ಅದು ಒಂದೊಂದೇ ಮೆಟ್ಟಿಲನ್ನು ಸಮನಾಗಿ ಹತ್ತುವ ಜಾತಿಯದು. ಕಿವಿಯ ಲೆಕ್ಕವೇ ಬೇರೆ: ಸದ್ದು ಸಣ್ಣದಿದ್ದಾಗ ತುಸು ಏರಿದರೂ ದೊಡ್ಡದೆನಿಸುತ್ತದೆ, ದೊಡ್ಡದಿದ್ದಾಗ ಅಷ್ಟೇ ಏರಿದರೆ ತಿಳಿಯುವುದೇ ಇಲ್ಲ. ಬರೀ ಬಾಯಿಗೆ ಚಿಟಿಕೆ ಖಾರವೂ ಚುರ್ರೆನ್ನುತ್ತದೆ. ಕೆಂಪು ಚಟ್ನಿ ತಿಂದ ಬಾಯಿಗೆ ಅದೇ ಚಿಟಿಕೆ ಗೊತ್ತೂ ಆಗುವುದಿಲ್ಲ. ಗಣಿತದ ಮಾಸ್ತರನಿಗೆ ಇದು ತಿಳಿಯಲು ಒಂದು ಕಂಟ್ರೋಲ್ ಹಾಳಾಗಬೇಕಾಯಿತು.

ಕಡೆಗೆ ಹಳೆಯದರ ಬೆನ್ನ ಮೇಲಿನ ಅಂಕಿ ನೋಡಿ, ಕಿವಿಯ ಲೆಕ್ಕ ಬಲ್ಲ, ಗಿಟಾರಿಗೆಂದೇ ಮಾಡಿದ ಕಂಟ್ರೋಲನ್ನು ಕೊರಿಯರಿನಲ್ಲಿ ತರಿಸಿದೆ. ಮೊದಲೇ ಒಳಗಿನ ವೈರುಗಳ ಫೋಟೋ ತೆಗೆದುಕೊಂಡು, ಬೆರಳು ಸುಟ್ಟುಕೊಂಡು ಬೆಸುಗೆ ಹಾಕಿದೆ. ಗುಂಡಿ ಬೆಣ್ಣೆಯಲ್ಲಿ ತಿರುಗಿದಂತೆ ತಿರುಗಿತು. ಕರಕರ ಸದ್ದೇ ಇಲ್ಲ!

ಸೋಮವಾರ ಎದೆಯುಬ್ಬಿಸಿ ಕೂತೆ. ಕಾಕಾ ದನಿ ಏರಿಸುವ ಹೊತ್ತಿಗೆ ಮೊದಲೇ ಗಿಟಾರು ತಗ್ಗಿಸಿ ಕೈ ತೆಗೆದೆ. ಕಾಕಾ ದನಿ ಏರಿಸಿದರು.

ಕರಕರ.

ರೂಢಿಯಂತೆ ಎಲ್ಲರೂ ನನ್ನತ್ತ ತಿರುಗಿದರು. ನನ್ನ ಕೈ ಗುಂಡಿಯ ಹತ್ತಿರವೂ ಇರಲಿಲ್ಲ. ಆ ಸದ್ದು ಬಂದದ್ದು ಕಾಕಾನ ಗಂಟಲಿನಿಂದ. ಇಷ್ಟು ದಿನ ನನ್ನ ಗಿಟಾರು ಅದನ್ನು ತನ್ನ ಮೇಲೆ ಹಾಕಿಕೊಂಡಿತ್ತು.

ಹಾಡು ಮುಗಿದ ಮೇಲೆ ಕಾಕಾ ಬಗ್ಗಿ ಮೆಲ್ಲಗೆ ಕೇಳಿದರು: "ಇನ್ನೂ ಕರಕರ ಐತಲ್ಲಪಾ ಮಾಸ್ತರ?" ಅವರ ಕಣ್ಣಿನಲ್ಲಿ ಅಂಜಿಕೆಯಿತ್ತು.

"ಹೌದ್ರಿ ಕಾಕಾ. ಟೋನಿಂದು ಇನ್ನೊಂದು ಗುಂಡಿ ಉಳದೈತಿ. ಅದೂ ಹಳೇದ."

"ಹಂಗಾರ ಇರಲಿ ಬಿಡು" ಎಂದು ಕಾಕಾ ನಿರಾಳವಾಗಿ ನಕ್ಕರು. "ಹಳೇದಂದ್ರ ಅಷ್ಟ ಅಲ್ಲೇನು. ನೀ ಬಾರಸ್ಕೊಂತ ಇರು."

ಆ ಗುಂಡಿಯನ್ನು ನಾನು ಬದಲಿಸಿಲ್ಲ. ಕಾಕಾ ದನಿ ಏರಿಸಿದಾಗಲೆಲ್ಲ ಈಗ ಅದನ್ನೇ ತಿರುವುತ್ತೇನೆ.