ನಲವತ್ತೆಂಟು ಕಿಲೋದ ಕುಸ್ತಿ

ಆ ಸಿನಿಮಾದಲ್ಲಿ ಹಸಿವು ಇದ್ದದ್ದು ಒಂದು ಹಾಡಿನಷ್ಟು ಹೊತ್ತು. ಅಮೆರಿಕದ ಹೈಸ್ಕೂಲ್ ಹುಡುಗ, ಕುಸ್ತಿಗೆ ತೂಕ ಇಳಿಸಬೇಕು. ಹಾಡು ಶುರುವಾಗುತ್ತದೆ, ಅವನು ಹಿಮದಲ್ಲಿ ಓಡುತ್ತಾನೆ, ಮೆಟ್ಟಿಲು ಹತ್ತುತ್ತಾನೆ, ತಟ್ಟೆಯನ್ನು ಆಚೆ ದೂಡುತ್ತಾನೆ, ಹಾಡು ಮುಗಿಯುವಾಗ ಹುಲಿಯ ಹಾಗೆ ತಯಾರು. ನನ್ನ ಮಗ ಆ ಕ್ಯಾಸೆಟ್ಟನ್ನು ಎಷ್ಟು ಸಲ ನೋಡಿದನೋ, ಹಾಡಿನ ಜಾಗದಲ್ಲಿ ಟೇಪು ಸವೆದು ಚಿತ್ರ ನಡುಗುತ್ತಿತ್ತು. ನಮ್ಮ ಮನೆಯಲ್ಲಿ ಆ ಹಾಡು ಮೂರು ವಾರ ನಡೆಯಿತು. ಆ ಮೂರು ವಾರ ನಾನು ನೆಟ್ಟಗೆ ಒಂದು ಕಡೆ ಕೂತವಳಲ್ಲ.

ತೊಂಬತ್ತರ ದಶಕದ ಶುರುವಿನ ಮಾತು. ನಾವು ಮಸ್ಕತ್ತಿನ ಅಲ್ ಗುಬ್ರಾದಲ್ಲಿ ಎರಡನೇ ಮಾಳಿಗೆಯ ಫ್ಲ್ಯಾಟಿನಲ್ಲಿದ್ದೆವು. ನಮ್ಮವರಿಗೆ ಆಫೀಸಿನ ಕೆಲಸ, ನನಗೆ ಮನೆಯದ್ದು. ಒಬ್ಬನೇ ಮಗ, ಹತ್ತನೇ ಕ್ಲಾಸು. ಹತ್ತು ಮುಗಿದ ಮೇಲೆ ಮಕ್ಕಳನ್ನು ಮಂಗಳೂರಿನ ಹಾಸ್ಟೆಲಿಗೆ ಕಳಿಸುವುದು ಆಗ ನಮ್ಮ ಕಡೆಯವರಲ್ಲಿ ರೂಢಿ. ಇವನದ್ದೂ ಹಾಗೇ ನಿಶ್ಚಯವಾಗಿತ್ತು. ಮಾತು ಕಡಿಮೆ, ತುಳುವಿನಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ, ಯಾವ ಆಟದಲ್ಲೂ ಒಂದು ಪ್ಲಾಸ್ಟಿಕ್ ಡಬ್ಬಿ ಸಹ ಗೆದ್ದು ತಂದವನಲ್ಲ. ಅಂಥವನು ಒಂದು ದಿನ ಬಂದು, ಕೊಲ್ಹಾಪುರದ ಕಡೆಯ ಹೊಸ ಪಿ.ಟಿ. ಸರ್ ಶಾಲೆಯಲ್ಲಿ ಕುಸ್ತಿ ಶುರು ಮಾಡಿದ್ದಾರೆ, ನಾನು ಸೇರಿದ್ದೇನೆ ಅಂದ. ನಾನು ನಕ್ಕೆ. ಅವನು ನಗಲಿಲ್ಲ.

ವಿಷಯ ಇಷ್ಟು. ಬೇರೆ ಶಾಲೆಗಳ ಜೊತೆ ಪಂದ್ಯ ಉಂಟು, ಒಂದೊಂದು ತೂಕಕ್ಕೆ ಒಬ್ಬನೇ ಹುಡುಗ. ನಲವತ್ತೆಂಟು ಕಿಲೋಕ್ಕೆ ಇವನೂ ಇವನ ಕ್ಲಾಸಿನ ಇನ್ನೊಬ್ಬನೂ. ಒಂದು ಗುರುವಾರ ಇಬ್ಬರಿಗೂ ಕುಸ್ತಿ ಇಟ್ಟು, ಗೆದ್ದವನನ್ನು ಕಳಿಸುತ್ತಾರೆ. ಹೋದವನಿಗೆ ಬೆನ್ನ ಮೇಲೆ ಶಾಲೆಯ ಹೆಸರು ಬರೆದ ನೀಲಿ ಟ್ರ್ಯಾಕ್ ಸೂಟ್. ಹಾಸ್ಟೆಲಿಗೆ ಹೋಗುವ ದಿನ ಅದನ್ನೇ ಹಾಕಿಕೊಂಡು ಹೋಗುತ್ತೇನೆ, ಅಲ್ಲಿ ಯಾರೂ ನನ್ನನ್ನು ಸುಮ್ಮನೆ ತಳ್ಳಲಿಕ್ಕಿಲ್ಲ ಅಂದ. ಹೊಸ ಜಾಗಕ್ಕೆ ಒಬ್ಬನೇ ಹೋಗಲಿಕ್ಕೆ ಅವನಿಗೆ ಎಷ್ಟು ಹೆದರಿಕೆ ಇತ್ತೆಂದು ನನಗೆ ಗೊತ್ತಾದದ್ದು ಆವತ್ತೇ. ಅವನಿಗೆ ಆ ಅಂಗಿ ಸಿಗಲೇಬೇಕು ಎಂದು ನನಗೂ ಹಟ ಹಿಡಿಯಿತು.

ಮನೆಯಲ್ಲಿ ತೂಕದ ಮೆಷಿನ್ ಇತ್ತು. ನಿಂತ, ಐವತ್ತೆರಡು. ನಾಲ್ಕು ಕಿಲೋ ಇಳಿಯಬೇಕು.

ಸಿನಿಮಾದವರು ಒಂದು ಸಲ ನಮ್ಮ ಅಡುಗೆಮನೆಗೆ ಬಂದು ನೋಡಬೇಕಿತ್ತು. ಹಸಿದ ಹುಡುಗ ಅವರಲ್ಲಿ ಗಂಭೀರವಾಗಿ ಕಿಟಕಿಯಾಚೆ ನೋಡುತ್ತಾನೆ. ನನ್ನ ಮಗ ಹಸಿದರೆ ಫ್ರಿಜ್ಜಿನ ಬಾಗಿಲು ತೆಗೆದು, ಒಳಗೆ ಇದ್ದುದನ್ನೆಲ್ಲ ಐದು ನಿಮಿಷ ನೋಡಿ, ದಡಾರನೆ ಮುಚ್ಚುತ್ತಿದ್ದ. ಮತ್ತೆ ಕಾಲು ಗಂಟೆಗೆ ಬಂದು ಅದನ್ನೇ ಮಾಡುವುದು. ಉಪ್ಪು ಜಾಸ್ತಿ ಎಂದು ಬೈಯುವುದು, ತಿಂದವನಾದರೆ ತಾನೇ ಉಪ್ಪು ಗೊತ್ತಾಗುವುದು! ನೀರೂ ಕುಡಿಯುವಂತಿಲ್ಲವಂತೆ. ಒಂದು ಲೋಟ ಹಿಡಿದುಕೊಂಡು ಮನೆಯಿಡೀ ಓಡಾಡುತ್ತ ಅದಕ್ಕೆ ಉಗುಳುತ್ತಿದ್ದ. ಉಗುಳಿನದ್ದೂ ತೂಕ ಉಂಟಂತೆ. ಹಾಲ್‌ನಲ್ಲಿ ಅವನು ಹಗ್ಗ ಹಾರುವ ಸದ್ದಿಗೆ ಕೆಳಗಿನ ಮನೆಯವರು ಎರಡು ಸಲ ಬಂದು ಬಾಗಿಲು ತಟ್ಟಿದರು. ಸೀಬ್ ಸೂಕಿನ ಮೀನು ಮಾರುಕಟ್ಟೆಯಿಂದ ಇವರು ತಂದ ಬಂಗುಡೆಯ ಸಾರು ಮಾಡಿದ ದಿನ ಅವನು ಬಾಲ್ಕನಿಗೆ ಹೋಗಿ ಮೂಗು ಮುಚ್ಚಿ ನಿಂತ. ಗಂಡನೂ ನಾನೂ ಕಳ್ಳರ ಹಾಗೆ ಅಡುಗೆಮನೆಯಲ್ಲಿ ನಿಂತು ಉಂಡೆವು.

ನಾನೇನು ಸುಮ್ಮನಿದ್ದೆನೇ? ಬೈದೆ, ಅತ್ತುಕರೆದೆ, ಗಂಜಿಗೆ ಕದ್ದು ತುಪ್ಪ ಹಾಕಿದೆ. ವಾಸನೆ ಹಿಡಿದು ಇಡೀ ಬಟ್ಟಲನ್ನು ಸಿಂಕಿಗೆ ಸುರಿದ. "ಅಮ್ಮ, ಪ್ಲೀಸ್. ನಿನಗೆ ಅರ್ಥವಾಗುವುದಿಲ್ಲ," ಎಂದ. ಆಮೇಲೆ ಮೈಮೇಲೆ ದುಂಡು ದುಂಡಾಗಿ ಗಜಕರ್ಣ ಎದ್ದಿತು. ಒಂದೇ ಚಾಪೆಯ ಮೇಲೆ ಇಪ್ಪತ್ತು ಹುಡುಗರು ಬೆವರು ಹರಿಸಿ ಹೊರಳಿದರೆ ಮತ್ತೇನಾಗುತ್ತದೆ? ಸಿನಿಮಾದ ಹುಡುಗನ ಬೆನ್ನು ನೋಡಿ, ಬೆಣ್ಣೆ ಸವರಿದ ಹಾಗೆ. ಅವನ ತಾಯಿ ದಿನಕ್ಕೆ ಮೂರು ಸಲ ಮುಲಾಮು ಹಚ್ಚುವ ದೃಶ್ಯ ಯಾರೂ ತೆಗೆಯಲಿಲ್ಲ.

ಎರಡನೇ ವಾರ ನಡೆದದ್ದು ಕೇಳಿ. ಮಧ್ಯಾಹ್ನ ಇವರು ಊಟಕ್ಕೆ ಬಂದು ಮಲಗಿದ್ದರು. ಅಡುಗೆಮನೆಯ ಕಿಟಕಿಯಿಂದ ನೋಡುತ್ತೇನೆ, ಕೆಳಗೆ ನಿಲ್ಲಿಸಿದ ನಮ್ಮ ಕಾರಿನೊಳಗೆ ಯಾರದೋ ತಲೆ. ಸಿನಿಮಾದವನು ಹಿಮದಲ್ಲಿ ಬೆವರಲಿಕ್ಕೆ ಪ್ಲಾಸ್ಟಿಕ್ ಅಂಗಿ ಹಾಕಿದ್ದನಲ್ಲ, ಇವನು ಕಸದ ಚೀಲಕ್ಕೆ ತೂತು ಮಾಡಿ ತಲೆ ತೂರಿಸಿ, ಗಾಜೆಲ್ಲ ಏರಿಸಿ, ಗುಬ್ರಾದ ಬಿಸಿಲಿನಲ್ಲಿ ಕಾರಿನೊಳಗೆ ಕೂತಿದ್ದಾನೆ! ಅಲ್ಲಿ ಹೊರಗೆ ನಿಂತರೇ ಸಾಕು, ಜೀವ ಬೆಂದು ಹೋಗುತ್ತದೆ. ಚಪ್ಪಲಿ ಹಾಕಲಿಕ್ಕೂ ನಿಲ್ಲದೆ ಓಡಿದೆ. ಬಾಗಿಲು ತೆಗೆದು ಎಳೆದರೆ ಮುಖ ಕೆಂಪು, ಕಣ್ಣು ಎಲ್ಲೋ. ಕೆನ್ನೆಗೆ ಎರಡು ಬಿಟ್ಟೆ, ಅಲ್ಲೇ ಅಪ್ಪಿಕೊಂಡೂ ಬಿಟ್ಟೆ. ಪಕ್ಕದ ಮನೆಯ ಒಮಾನಿ ಮುದುಕ ನೀರಿನ ಬಾಟಲಿ ಹಿಡಿದು ಓಡಿಬಂದು, "ಖಲಾಸ್, ಉಮ್ಮಿ, ಖಲಾಸ್," ಎಂದು, ಆಯಿತಮ್ಮ ಸಾಕು ಎನ್ನುವ ಹಾಗೆ, ನನ್ನನ್ನೇ ಸಮಾಧಾನ ಮಾಡಿದ. ಆವತ್ತಿನಿಂದ ಇವರು ಮನೆಗೆ ಬಂದ ಕೂಡಲೇ ಕಾರಿನ ಕೀಲಿ ನನ್ನ ಸೆರಗಿಗೆ. ಕುಸ್ತಿ ಬಿಡಿಸಿಬಿಡಿ ಎಂದು ಇವರಿಗೆ ಹೇಳಿದ್ದೂ ಉಂಟು. "ಬಿಡಿಸಿದರೆ ಅವನು ನಮ್ಮನ್ನು ಕ್ಷಮಿಸುವುದಿಲ್ಲ ಮಾರಾಯ್ತಿ," ಎಂದರು. ಅದೂ ನಿಜವೇ ಆಗಿತ್ತು.

ಆ ಗುರುವಾರ ಬೆಳಿಗ್ಗೆ ನಮ್ಮ ಮೆಷಿನ್ ಸರಿಯಾಗಿ ನಲವತ್ತೆಂಟು ತೋರಿಸಿತು. ಇವರು ನಮ್ಮನ್ನು ಶಾಲೆಯಲ್ಲಿ ಇಳಿಸಿ ಆಫೀಸಿಗೆ ಹೋದರು. ಸಿನಿಮಾದಲ್ಲಿ ತೂಕ ನೋಡಿದ ಕೂಡಲೇ ಡೋಲು ಬಡಿದು ಕುಸ್ತಿ. ನಿಜದಲ್ಲಿ ತೂಕ ಬೆಳಿಗ್ಗೆ, ಕುಸ್ತಿ ಮೂರು ಗಂಟೆ ಬಿಟ್ಟು. ಆ ನಡುವೆ ಹುಡುಗರು ಬಾಳೆಹಣ್ಣು ತಿಂದು ನೆಲದ ಮೇಲೆ ನಿದ್ದೆ ಹೊಡೆಯುತ್ತಾರೆ. ನಾನು ನಾಲ್ಕೈದು ತಾಯಂದಿರ ಜೊತೆ ಟಿಫಿನ್ ಡಬ್ಬಿ ಹಿಡಿದು ವರಾಂಡದಲ್ಲಿ ನಿಂತಿದ್ದೆ. ಯಾವುದೋ ಕ್ಲಿನಿಕ್ಕಿನಿಂದ ತಂದ ಎತ್ತರದ ತಕ್ಕಡಿ. ಇನ್ನೊಬ್ಬ ಹುಡುಗ ನಿಂತ, ನಲವತ್ತೆಂಟಕ್ಕೆ ಕೂದಲೆಳೆ ಕಡಿಮೆ. ಆಮೇಲೆ ನನ್ನವನು. ಸರ್ ಕಡ್ಡಿಯನ್ನು ಎರಡು ಸಲ ಸರಿಸಿ ನೋಡಿ ಕೂಗಿದರು, "ಸಾಡೇ ಪೈಂತಾಲೀಸ್."

ನಲವತ್ತೈದೂವರೆ. ನನಗೆ ಅದು ಹೇಗೆಂದು ಹೊಳೆಯಲಿಕ್ಕೆ ಒಂದು ನಿಮಿಷವೂ ಬೇಕಾಗಲಿಲ್ಲ.

ಆ ಮೆಷಿನ್ ತಂದದ್ದು ಮನುಷ್ಯರಿಗಲ್ಲ, ಸೂಟ್‌ಕೇಸಿಗೆ. ಗಲ್ಫಿನಲ್ಲಿದ್ದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂದು ವರ್ಷ ಊರಿಗೆ ಹೊರಟಾಗ ಸೀಬ್ ಏರ್‌ಪೋರ್ಟಿನಲ್ಲಿ ಸಾಮಾನು ಹೆಚ್ಚಾಗಿ, ಇಡೀ ಸಾಲಿನ ಎದುರು ಪೆಟ್ಟಿಗೆ ಬಿಚ್ಚಿ, ಹಾಲಿನಪುಡಿ ಡಬ್ಬಿಗಳ ಜೊತೆ ಒಳಲಂಗವನ್ನೂ ಹೊರಗೆಳೆದಿದ್ದೆ. ಆ ಮರ್ಯಾದೆ ಸಾಕೆನಿಸಿ ರೂವಿಯ ಅಂಗಡಿಗೆ ಮೆಷಿನ್ ತರಲಿಕ್ಕೆ ಹೋದೆವು. ಇವರು ಒಂದೊಂದರ ಮೇಲೂ ಹತ್ತಿ ನಿಂತರು. ಒಂದು ಅರವತ್ತೈದು ಅಂದಿತು, ಇನ್ನೊಂದೂ ಅರವತ್ತೈದು, ಮೂರನೆಯದು ಅರವತ್ತೇಳೂವರೆ. ಅದು ಕೆಟ್ಟಿದೆ, ಬೇಡ ಎಂದ ಅಂಗಡಿಯವನು. ಅದೇ ಇರಲಿ ಎಂದವಳು ನಾನು. ಮನೆಯಲ್ಲಿ ಜಾಸ್ತಿ ತೋರಿಸಿದರೆ ಏರ್‌ಪೋರ್ಟಿನಲ್ಲಿ ಕಡಿಮೆಯೇ ಆಗುತ್ತದಲ್ಲ! ನನ್ನ ಬುದ್ಧಿವಂತಿಕೆಯನ್ನು ಗೆಳತಿಯರ ಹತ್ತಿರ ಎಷ್ಟು ಸಲ ಕೊಚ್ಚಿಕೊಂಡಿದ್ದೆನೋ. ಆದರೆ ಮಗ ಮೂರು ವಾರ ದಿನಾ ಅದರ ಮೇಲೆ ನಿಂತು ಇಳಿದರೂ ನನಗೂ ಇವರಿಗೂ ಈ ವಿಷಯ ತಲೆಗೆ ಬರಲಿಲ್ಲ. ಅದು ಪೆಟ್ಟಿಗೆಯ ಮೆಷಿನ್, ಮಗ ಪೆಟ್ಟಿಗೆಯಲ್ಲವಲ್ಲ. ಒಂದು ಕಿಲೋ ಚಿಲ್ಲರೆ ಇಳಿಸಿದ್ದರೆ ಸಾಕಿತ್ತು. ನಾಲ್ಕು ಕಿಲೋ ಇಳಿಸಿಕೊಂಡಿದ್ದ ನನ್ನ ಕೂಸು.

ಅವನಿಗೋ ಖುಷಿಯೇ ಖುಷಿ. ಎಲ್ಲರಿಗಿಂತ ಜಾಸ್ತಿ ಕಷ್ಟಪಟ್ಟವನು ತಾನೇ ಎಂದು ಅವನ ಲೆಕ್ಕ. ಬೆಳಿಗ್ಗೆ ಮನೆಯಲ್ಲಿ ನಲವತ್ತೆಂಟು ಕಂಡದ್ದು ಆ ಖುಷಿಯಲ್ಲಿ ಅವನಿಗೆ ನೆನಪೇ ಇಲ್ಲ. "ಅಮ್ಮ, ಎರಡೂವರೆ ಕಿಲೋ ಕಡಿಮೆ!" ಎಂದು ಬೆರಳು ತೋರಿಸಿದ. ನಾನು ನಕ್ಕೆ, ಬೇರೆ ಏನು ಮಾಡಲಿ? ಅಷ್ಟರಲ್ಲಿ ಸರ್ ನನ್ನ ಹತ್ತಿರ ಬಂದರು. ಅವರ ಮುಖದಲ್ಲಿ ನಗು ಇರಲಿಲ್ಲ. ಹಿಂದಿಯಲ್ಲಿ ಮೆಲ್ಲಗೆ ಕೇಳಿದರು, "ಹುಡುಗ ಸರಿಯಾಗಿ ಊಟ ಮಾಡುತ್ತಿದ್ದಾನಾ ತಾಯಿ? ಇಷ್ಟು ಇಳಿಯಬಾರದಿತ್ತು. ಸುಸ್ತಿದ್ದರೆ ಹೇಳಿ. ಇವತ್ತು ಬೇಡ, ಇವನಿಗಾಗಿ ಮುಂದಿನ ಗುರುವಾರ ಇಟ್ಟುಕೊಳ್ಳೋಣ."

ಉಳಿದ ತಾಯಂದಿರು ನನ್ನನ್ನೇ ನೋಡುತ್ತಿದ್ದರು. ಮಗನಿಗೆ ಅನ್ನ ಹಾಕದವಳು ಎಂದುಕೊಳ್ಳುತ್ತಾರೆ ಎಂಬ ನಾಚಿಕೆ ಒಂದು. ಮೆಷಿನ್ನಿನ ಕಥೆ ಅಲ್ಲಿ ಬಿಚ್ಚಬೇಕಲ್ಲ ಎಂಬುದು ಇನ್ನೊಂದು. ಆದರೆ ಅದೆಲ್ಲಕ್ಕಿಂತ ದೊಡ್ಡ ಕಾರಣ ಹೇಳಲಿಕ್ಕೆ ನನಗೇ ಕಷ್ಟ. ಬೈಯುತ್ತ ಬೈಯುತ್ತ ನಾನೂ ಆ ಸಿನಿಮಾವನ್ನು ಕೊನೆಯವರೆಗೆ ಎಷ್ಟೋ ಸಲ ನೋಡಿದ್ದೆ. ಅದರಲ್ಲಿ ಉಪವಾಸ ಬಿದ್ದ ಹುಡುಗ ಗೆಲ್ಲುತ್ತಾನೆ. ಇಷ್ಟು ಹಸಿದವನು ಸೋಲುವುದು ಹೇಗೆ ಎಂದು ನನ್ನ ಮನಸ್ಸಿನ ಮೂಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಕಾಲೇಜು ಓದಿದ ಹೆಂಗಸು ನಾನು, ನಂಬಿದ್ದು ಅದನ್ನು.

"ತಿಂದಿದ್ದಾನೆ ಸರ್. ಇವನ ಮೈಯೇ ಹಾಗೆ," ಎಂದೆ.

ಆ ಮೂರು ಗಂಟೆ ನಾನು ವರಾಂಡದ ಈ ತುದಿಯಿಂದ ಆ ತುದಿಗೆ ನಡೆದೆ. ನೀರುದೋಸೆ ತಂದಿದ್ದೆ, ಅವನಿಗೆ ಒಂದೂವರೆ ಮಾತ್ರ ಸೇರಿತು. ಹೊಟ್ಟೆ ಅಷ್ಟು ಸಣ್ಣದಾಗಿಬಿಟ್ಟಿತ್ತು. ಸರ್ ಅತ್ತ ಇತ್ತ ಹೋಗುವಾಗೆಲ್ಲ ಕರೆದು ಹೇಳಿಬಿಡೋಣ ಎಂದು ಬಾಯಿಯವರೆಗೆ ಬರುವುದು, ನುಂಗುವುದು. ಅಷ್ಟರಲ್ಲಿ ಹುಡುಗರಿಬ್ಬರ ಹೆಸರು ಕರೆದರು.

ನಿಜವಾದ ಕುಸ್ತಿಯಲ್ಲಿ ಡೋಲಿಲ್ಲ, ನಿಧಾನಕ್ಕೆ ಹಾರುವ ಬೆವರಿನ ಹನಿಗಳೂ ಇಲ್ಲ. ಮಂಚದ ಅಡಿ ಉರುಳಿದ ಚೆಂಡಿಗೆ ಇಬ್ಬರು ಮಕ್ಕಳು ತಡಕಾಡಿದ ಹಾಗೆ ಕಾಣುತ್ತದೆ. ಫ್ಯಾನಿನ ಸದ್ದು, ಏದುಸಿರು, ಅಷ್ಟೇ. ಆದರೂ ನನ್ನ ಮಗನಿಗೆ ಪಟ್ಟು ಗೊತ್ತಿತ್ತು. ಮೊದಲ ನಿಮಿಷದಲ್ಲಿ ಎರಡು ಸಲ ಆ ಹುಡುಗನನ್ನು ಕೆಡವಿದ. ಸರ್ ಸಹ "ಶಾಬಾಸ್" ಎಂದರು. ಆಮೇಲೆ ನನ್ನವನ ಕಾಲು ನಡುಗುವುದು ನನಗೆ ಅಷ್ಟು ದೂರದಿಂದಲೂ ಕಂಡಿತು. ತುಟಿ ಬೆಳ್ಳಗಾಗಿತ್ತು. ಆ ಇನ್ನೊಬ್ಬ ಹುಡುಗ ಹೆಚ್ಚೇನೂ ಮಾಡಲಿಲ್ಲ, ಸುಮ್ಮನೆ ಇವನ ಮೇಲೆ ಒರಗಿದ. ಇವನು ಮಲಗಿದ. ಎರಡೂ ಹೆಗಲು ಚಾಪೆಗೆ ತಾಗಿದವು, ಸರ್ ಅಂಗೈಯಿಂದ ನೆಲ ಬಡಿದರು. ಇವನು ಏಳಲಿಲ್ಲ, ಕಣ್ಣು ತೆರೆದುಕೊಂಡು ಮೇಲಿನ ಫ್ಯಾನನ್ನೇ ನೋಡುತ್ತಿದ್ದ. ಸಿನಿಮಾದಲ್ಲಿ ಸೋತ ಹುಡುಗನನ್ನು ಕ್ಯಾಮೆರಾ ಅಲ್ಲೇ ಬಿಟ್ಟು ಗೆದ್ದವನ ಹಿಂದೆ ಹೋಗುತ್ತದೆ. ನಾನು ಹೋಗಿ ಅವನ ಮುಖ ಒರೆಸಿದೆ.

ಸಂಜೆ ಇವರ ಎದುರಿಗೇ ಮೆಷಿನ್ನಿನ ವಿಷಯ ಮಗನಿಗೆ ಹೇಳಿದೆ. ಕೂಗಾಡುತ್ತಾನೆ, ತಟ್ಟೆ ಎಸೆಯುತ್ತಾನೆ ಎಂದುಕೊಂಡಿದ್ದೆ. ಅವನು ನನ್ನನ್ನೂ ಅಪ್ಪನನ್ನೂ ನೋಡಿ ನಗಲಿಕ್ಕೆ ಶುರು ಮಾಡಿದ. ನಗುತ್ತ ನಗುತ್ತ ಅತ್ತ. ಅಪ್ಪ ಅಂಗಡಿಯಲ್ಲಿ ಹತ್ತಿ ಇಳಿದದ್ದನ್ನು ಇನ್ನೊಂದು ಸಲ ಹೇಳು ಎಂದ. ಆಮೇಲೆ ಎರಡು ಬಟ್ಟಲು ಗಂಜಿ ಉಂಡು, ಕೂತಲ್ಲೇ ನಿದ್ದೆ ಹೋದ. ನೀಲಿ ಅಂಗಿ ಆ ಇನ್ನೊಬ್ಬನಿಗೆ ಹೋಯಿತು. ಜೂನಿನಲ್ಲಿ ನನ್ನ ಮಗ ಬಿಳಿ ಷರ್ಟಿನಲ್ಲಿ ಹಾಸ್ಟೆಲಿಗೆ ಹೋದ. ಮೊದಲ ವರ್ಷ ಅಲ್ಲಿ ಅವನನ್ನು ತಳ್ಳಿದವರು ಇದ್ದರು. ಕಾಗದದಲ್ಲಿ ಬರೆಯುತ್ತಿರಲಿಲ್ಲ, ಬೇರೆಯವರಿಂದ ನನಗೆ ಗೊತ್ತಾಯಿತು.

ಈಗ ಅವನಿಗೇ ಬೆಳೆದ ಮಕ್ಕಳಿದ್ದಾರೆ. ಯಾರದೇ ಮದುವೆಗೆ ಹೋಗಲಿ, ನಾಲ್ಕು ಜನ ಸೇರಿದಲ್ಲಿ ಅವನು ಆ ಮೆಷಿನ್ನಿನ ಕಥೆ ತೆಗೆಯುತ್ತಾನೆ, ಎಲ್ಲರೂ ಹೊಟ್ಟೆ ಹಿಡಿದು ನಗುತ್ತಾರೆ. ಕೊನೆಗೆ ನನ್ನ ಹೆಗಲ ಮೇಲೆ ಕೈ ಹಾಕಿ ಪ್ರತಿ ಸಲವೂ ಒಂದು ಮಾತು ಹೇಳುತ್ತಾನೆ: "ಬೇರೆ ಯಾರಾದರೂ ಮುಚ್ಚಿಡುತ್ತಿದ್ದರು. ನಮ್ಮ ಅಮ್ಮ ಅದೇ ದಿನ ಸಂಜೆ ಎಲ್ಲ ಬಿಡಿಸಿ ಹೇಳಿದರು." ಮುಂದಿನ ಗುರುವಾರ ಇಟ್ಟುಕೊಳ್ಳೋಣವೇ ಎಂದು ಸರ್ ಕೇಳಿದ್ದನ್ನು ನಾನು ಅವನಿಗೆ ಇವತ್ತಿನವರೆಗೂ ಹೇಳಿಲ್ಲ.